ಗೇರ್‌ಕೇಸ್ ‘ಸೋರುತ್ತಿದೆ’ ಎಂದರೆ ನೀರು ಒಳಗೋ, ಎಣ್ಣೆ ಹೊರಗೋ?

ಬಳಗದವರಿಗೆ ನಮಸ್ಕಾರ.

ಕೊಡಗಿನ ದುಬಾರೆಯಲ್ಲಿ ಕಾವೇರಿ ದಾಟಿಸುವ ಮೋಟಾರು ದೋಣಿಯವರಿಗೂ ಮಳೆಗಾಲದಲ್ಲಿ ಭಾಗಮಂಡಲದ ಸಂಗಮ ಉಕ್ಕಿದಾಗ ರಬ್ಬರ್ ದೋಣಿ ಇಳಿಸುವವರಿಗೂ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಜಿನ್) ಬಗ್ಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬೇಕಾಗಿದೆ. ನೀರಿನಲ್ಲಿ ಮುಳುಗಿರುವ ಗೇರ್‌ಕೇಸಿನ, ಎಂದರೆ ಪ್ರೊಪೆಲರ್ ತಿರುಗಿಸುವ ಗೇರುಗಳೂ ಅವುಗಳ ಎಣ್ಣೆಯೂ ಇರುವ ಪೆಟ್ಟಿಗೆಯ, ತೊಂದರೆಯನ್ನು ‘ನೀರಿನ ಸೋರಿಕೆ’ ಎಂದು ಬರೆಯಬಹುದೇ? ಕೊಡ ಸೋರಿದರೆ ನೀರು ಹೊರಗೆ ಹೋಗುತ್ತದೆ, ಮನೆ ಸೋರಿದರೆ ಒಳಗೆ ಬರುತ್ತದೆ. ಓದುವವರು ಯಾವುದೆಂದು ತಿಳಿಯಬೇಕು? ಒಸರು, ಜಿನುಗು ಇವುಗಳಲ್ಲಿ ಯಾವುದಾದರೂ ಹೊಂದುತ್ತದೆಯೇ?

ಉತ್ತರ:

ನಿಮ್ಮ ಅನುಮಾನ ಸರಿಯಾಗಿದೆ. ‘ಸೋರು’ ದಿಕ್ಕು ಹೇಳುವುದಿಲ್ಲ, ಪಾತ್ರೆ ಕೆಟ್ಟಿದೆ ಎಂದಷ್ಟೇ ಹೇಳುತ್ತದೆ. ಗೇರ್‌ಕೇಸಿನಲ್ಲಿ ದಿಕ್ಕೇ ಮುಖ್ಯ. ‘ಎಣ್ಣೆ ಸೋರುತ್ತಿದೆ’, ‘ನೀರು ಹೊಕ್ಕಿದೆ’ ಎಂದು ಬೇರೆಬೇರೆ ಬರೆಯಿರಿ. ಒಸರು, ಜಿನುಗು ಎರಡೂ ಹೊರಬರುವುದಕ್ಕೆ ಸಲ್ಲುವ ಮಾತು. ಮಳೆಗಾಲದಲ್ಲಿ ಬರೆಯಿಂದ (ಕಡಿದಾದ ಮಣ್ಣಿನ ದಿಣ್ಣೆಯಿಂದ) ನೀರು ಒಸರುತ್ತದೆ, ಬರೆಯೊಳಕ್ಕೆ ಒಸರುವುದಿಲ್ಲ. ಎಣ್ಣೆ ತೂತನ್ನು ಮುಚ್ಚುವ ಪ್ಲಗ್ಗಿನ ಸುತ್ತ ಎಣ್ಣೆಯ ಪಸೆ ಕಂಡರೆ ‘ಒಸರು’ ಚೆನ್ನಾಗಿ ಒಪ್ಪುತ್ತದೆ.

ಈ ಭೇದ ಬರೀ ಮಾತಿನದಲ್ಲ. ಪ್ರೊಪೆಲರ್ ಶಾಫ್ಟಿನಲ್ಲಿ ಸಾಮಾನ್ಯವಾಗಿ ಎರಡು ಸೀಲುಗಳು (ಸೋರದಂತೆ ತಡೆಯುವ ಬಳೆಗಳು) ಬೆನ್ನಿಗೆ ಬೆನ್ನು ಹಾಕಿ ಕೂತಿರುತ್ತವೆ. ಒಂದು ಎಣ್ಣೆಯನ್ನು ಒಳಗೆ ಹಿಡಿದಿಡುತ್ತದೆ, ಇನ್ನೊಂದು ನೀರನ್ನು ಹೊರಗೆ ತಡೆಯುತ್ತದೆ. ಪರೀಕ್ಷೆಯೂ ಹಾಗೆಯೇ ಎರಡು. ಎಣ್ಣೆ ಬಸಿದ ಮೇಲೆ ಗಾಳಿ ಒತ್ತಿ, ಸೋಪಿನ ನೀರು ಚಿಮುಕಿಸಿ ಗುಳ್ಳೆ ನೋಡುವುದು ಒಂದು. ಹಲವು ಎಂಜಿನ್ನುಗಳಿಗೆ 10ರಿಂದ 15 ಪಿಎಸ್‌ಐ (ಒತ್ತಡದ ಅಳತೆ) ಸಾಕು, ಮಿತಿಯನ್ನು ಆಯಾ ಎಂಜಿನ್ನಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು, ಹೆಚ್ಚಾದರೆ ಒಳ್ಳೆಯ ಸೀಲೂ ಕಿತ್ತು ಬರುತ್ತದೆ. ಒಳಗಿನ ಗಾಳಿ ಎಳೆದು ನಿರ್ವಾತ ನಿಲ್ಲುತ್ತದೆಯೇ ಎಂದು ನೋಡುವುದು ಇನ್ನೊಂದು. ಗಾಳಿ ಒತ್ತಿದಾಗ ಗಟ್ಟಿಯಾಗಿ ನಿಂತ ಸೀಲು ಎಳೆದಾಗ ಸೋಲಬಹುದು. ಎರಡೂ ಸಲ ಶಾಫ್ಟನ್ನು ಕೈಯಿಂದ ತಿರುಗಿಸಿ, ಗೇರ್ ಹಾಕಿ ತೆಗೆದು, ಒತ್ತಡದ ಮಾಪಕದ ಮುಳ್ಳು ಕದಲುತ್ತದೆಯೇ ಎಂದು ಕೆಲವು ನಿಮಿಷ ಕಾಯಬೇಕು.

ನೀರು ಹೊಗುವ ಬಗೆಯನ್ನೂ ಬರೆಯಿರಿ. ಓಡಿ ಬಿಸಿಯಾದ ಗೇರ್‌ಕೇಸ್ ನದಿಯ ತಣ್ಣೀರಿನಲ್ಲಿ ನಿಂತಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಹೊರಗೆ ಎಣ್ಣೆಯ ಹನಿಯೂ ಕಾಣದೆ ಒಳಗೆ ನೀರು ಸೇರಿರಬಹುದು. ಪ್ರೊಪೆಲರ್ ಹಿಂದೆ ಸುತ್ತಿಕೊಂಡ ಗಾಳದ ನೈಲಾನ್ ದಾರ ಸೀಲನ್ನು ಕೊಯ್ಯುತ್ತದೆ. ಪ್ರೊಪೆಲರನ್ನು ಆಗಾಗ ಬಿಚ್ಚಿ ಅದನ್ನು ತೆಗೆಯಬೇಕು. ಸೀಲು ಉಜ್ಜಿದ ಕಡೆ ಶಾಫ್ಟಿನಲ್ಲಿ ಗೆರೆ ಬಿದ್ದಿದ್ದರೆ ಹೊಸ ಸೀಲು ಹಾಕಿದರೂ ನಿಲ್ಲದು. ವಾಟರ್ ಪಂಪಿನ ಕೆಳಗಿನ ಡ್ರೈವ್ ಶಾಫ್ಟ್ ಸೀಲು, ಶಿಫ್ಟ್ ಶಾಫ್ಟ್ ಸೀಲು, ಬೇರಿಂಗ್ ಕ್ಯಾರಿಯರಿನ ಓ-ರಿಂಗ್, ಇವನ್ನೂ ಬಿಡಬಾರದು. ಎಲ್ಲಕ್ಕಿಂತ ಅಗ್ಗದ ಕಾರಣ ಪ್ಲಗ್ಗಿನ ವಾಷರ್. ಪ್ರತಿ ಸಲ ಹೊಸದು ಹಾಕಬೇಕು.

ನೀರು ಹೊಕ್ಕ ಗುರುತಿಗೆ ‘ಎಣ್ಣೆ ಹಾಲಿನಂತಾಗುತ್ತದೆ’ ಎಂದು ಬರೆಯುವ ರೂಢಿಯಿದೆ. ‘ಹಾಲು ಬೆರೆಸಿದ ಕಾಫಿಯ ಬಣ್ಣ’ ಎಂದರೆ ಇಲ್ಲಿಯವರಿಗೆ ಕಣ್ಣಿಗೆ ಕಟ್ಟುತ್ತದೆ, ನಿಜಕ್ಕೂ ಹೆಚ್ಚು ಹತ್ತಿರ. ಆಗತಾನೆ ಓಡಿದ ಎಂಜಿನ್ನಿನಲ್ಲಿ ಗಾಳಿಗುಳ್ಳೆಯಿಂದಲೂ ಎಣ್ಣೆ ಮಂಕಾಗುತ್ತದೆ. ಗಾಜಿನ ಲೋಟದಲ್ಲಿಟ್ಟರೆ ಗುಳ್ಳೆ ಹೋಗಿ ತಿಳಿಯಾಗುತ್ತದೆ, ನೀರು ಬೆರೆತದ್ದು ಹಾಗೆಯೇ ಉಳಿಯುತ್ತದೆ. ರಾತ್ರಿ ಎಂಜಿನ್ ನೆಟ್ಟಗೆ ನಿಲ್ಲಿಸಿ ಬೆಳಿಗ್ಗೆ ಕೆಳಗಿನ ಪ್ಲಗ್ ಸಡಿಲಿಸಿದರೆ, ಬೆರೆಯದ ನೀರಿದ್ದಲ್ಲಿ ಅದೇ ಮೊದಲು ತೊಟ್ಟಿಕ್ಕುತ್ತದೆ, ಎಣ್ಣೆಗಿಂತ ಅದು ಭಾರ.

ಎಣ್ಣೆ ‘ಸುರಿಯಿರಿ’ ಎಂದು ಮಾತ್ರ ಬರೆಯಬೇಡಿ, ‘ಕೆಳಗಿನಿಂದ ಏರಿಸಿ’ ಎನ್ನಿ. ಕೆಳ ತೂತಿನಿಂದ ಪಂಪ್ ಮಾಡಿ, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಎಣ್ಣೆ ಬಂದಾಗ ಮೊದಲು ಮೇಲಿನ ಪ್ಲಗ್, ಆಮೇಲೆ ಪಂಪ್ ತೆಗೆದು ಕೆಳಗಿನದು. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಅಳತೆ ತಪ್ಪುತ್ತದೆ.

ಇನ್ನೊಂದು: ಪ್ರವಾಹದ ದೋಣಿಯ ಎಂಜಿನ್ ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತದೆ. ಒಳಗೆ ಉಳಿದ ನೀರು ಅಷ್ಟರಲ್ಲಿ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ‘ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ’ ಎನ್ನುವ ಬದಲು ‘ಮಳೆಗಾಲ ಮುಗಿದ ಕೂಡಲೆ ಬದಲಿಸಿ’ ಎಂದೇ ಬರೆಯಿರಿ.