ಸಹಾಯ ಬೇಕು: ಹನ್ನೆರಡು ಸ್ವರದ ಸಾಲಲ್ಲೂ ಷಡ್ಜವೇ ಕೇಳುತ್ತಿದೆ

ನಮಸ್ಕಾರ, ಉಡುಪಿಯಿಂದ ಬರೆಯುತ್ತಿದ್ದೇನೆ. ಪಾಶ್ಚಾತ್ಯ ಸಂಯೋಜಕ ಶೋನ್‌ಬರ್ಗ್ 1920ರ ದಶಕದಲ್ಲಿ ರೂಪಿಸಿದ ಹನ್ನೆರಡು ಸ್ವರಗಳ ಪದ್ಧತಿಯಲ್ಲಿ (ಹನ್ನೆರಡೂ ಸ್ವರಗಳನ್ನು ಒಂದು ಸಾಲಾಗಿ ಜೋಡಿಸಿ, ಯಾವುದೂ ಷಡ್ಜದ ಥರ ಆಧಾರ ಸ್ವರ ಆಗದಂತೆ ಬರೆಯುವುದು) ವಯಲಿನ್, ಕ್ಲಾರಿನೆಟ್, ಚೆಲ್ಲೋಗೆ ಒಂದು ಚಿಕ್ಕ ಕೃತಿ ಮಾಡುತ್ತಿದ್ದೇನೆ. ಸಾಲು, ಅದರ ಹಿಮ್ಮುಖ, ತಲೆಕೆಳಗು, ಎರಡೂ ಸೇರಿದ್ದು, ಪ್ರತಿಯೊಂದೂ 12 ಶ್ರುತಿಯಲ್ಲಿ, ಒಟ್ಟು 48 ರೂಪ ಕೈಯಲ್ಲೇ ಬರೆದಿಟ್ಟಿದ್ದೇನೆ. ತೊಂದರೆ ಏನಂದ್ರೆ, ಚೆಲ್ಲೋದ ಕೆಳಗಿನ ತಂತಿಯಲ್ಲಿ ಸಿ ಸ್ವರ ನಾಲ್ಕು ಬೀಟ್ ಎಳೆದ ಕೂಡಲೇ ಅದು ಶ್ರುತಿಪೆಟ್ಟಿಗೆ ಥರ ಕೂತುಬಿಡುತ್ತದೆ, ಮೇಲೆ ವಯಲಿನ್ ಜಿ ಹಿಡಿದರಂತೂ ಸ-ಪ ಆಯಿತು, ಅಷ್ಟೂ ಕೆಲಸ ಹಾಳು. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿದ ಕಿವಿ ಅಲ್ವಾ. ಆ ಸಿಯನ್ನು ಕ್ಲಾರಿನೆಟ್‌ಗೆ ಮೇಲಿನ ಸ್ಥಾಯಿಯಲ್ಲಿ ಕೊಡಲೇ, ಅಥವಾ ಸಾಲನ್ನೇ ನಾಲ್ಕು ನಾಲ್ಕು ಸ್ವರ ಮಾಡಿ ಮೂರೂ ವಾದ್ಯಕ್ಕೆ ಹಂಚಲೇ? ಮಂಗಳೂರು, ಮಣಿಪಾಲದ ಕಡೆ ಇಂಥದ್ದು ಬರೆದು, ನುಡಿಸಿ ಅಭ್ಯಾಸ ಇರುವವರು ದಯವಿಟ್ಟು ಮೊದಲ ಎಂಟು ಬಾರ್ ನೋಡಿ ಹೇಳಿ, ಭಾನುವಾರ ಎಲ್ಲಿಗೆ ಕರೆದರೂ ಬರುತ್ತೇನೆ.