ರಾಶಿ ನಾರುತ್ತಿದೆ, ಗೊಬ್ಬರ ಆಗುತ್ತಿಲ್ಲ: ಏನು ಮಾಡಬೇಕು?

ಪ್ರಶ್ನೆ: ತರಗೆಲೆ, ತರಕಾರಿ ಸಿಪ್ಪೆ ಹಾಕಿದ ರಾಶಿಗೆ ಎರಡು ತಿಂಗಳಾಯಿತು. ಮೇಲಿನ ಎಲೆ ಹಾಕಿದ ಹಾಗೇ ಇದೆ. ತಳದಲ್ಲಿ ಅಂಟು ಕೆಸರು, ಕೊಳೆತ ಮೊಟ್ಟೆಯ ನಾತ. ಕಾವೂ ಇಲ್ಲ. ಸೂಕ್ಷ್ಮಜೀವಿಗಳ ಪುಡಿ ತಂದು ಹಾಕಲೇ? ಗೊತ್ತಿರುವವರು ತಿಳಿಸಿ.

ಉತ್ತರ 1: ಪುಡಿ ಬೇಡ. ಎಲೆ, ಸಿಪ್ಪೆ, ಮಣ್ಣು ಎಲ್ಲದರಲ್ಲೂ ಬೇಕಾದಷ್ಟು ಬ್ಯಾಕ್ಟೀರಿಯಾ, ಶಿಲೀಂಧ್ರ ಇದ್ದೇ ಇರುತ್ತವೆ. ತಳದಲ್ಲಿ ಇಲ್ಲದಿರುವುದು ಗಾಳಿ. ನೀರು ತುಂಬಿ ಆಮ್ಲಜನಕ ಮುಗಿದರೆ ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲದ್ದೇ ಆ ಮೊಟ್ಟೆಯ ನಾತ. ಕೊಳೆಯುವುದು ನಿಂತಿಲ್ಲ, ಆದರೆ ಬಲು ನಿಧಾನ.

ಮೇಲಿನ ಎಲೆಯದು ತದ್ವಿರುದ್ಧ ತೊಂದರೆ: ಅಲ್ಲಿ ನೀರು ಸಾಲದು. ಸೂಕ್ಷ್ಮಜೀವಿಗೆ ಬಾಯಿಲ್ಲ. ಕಿಣ್ವವನ್ನು ಹೊರಗೆ ಬಿಟ್ಟು, ಎಲೆಯ ನಾರಿನಲ್ಲಿರುವ ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆದು, ನೀರಿನಲ್ಲಿ ಕರಗಿದ್ದನ್ನು ಮಾತ್ರ ಹೀರಿಕೊಳ್ಳುತ್ತದೆ. ಎಲೆಯ ಮೇಲೆ ತೆಳುವಾಗಿಯಾದರೂ ನೀರಿನ ಪೊರೆ ಇಲ್ಲದಿದ್ದರೆ ಈ ಕೆಲಸ ನಡೆಯುವುದೇ ಇಲ್ಲ.

ರಾಶಿಯನ್ನು ಪೂರ್ತಿ ಬಿಚ್ಚಿ. ತಳಕ್ಕೆ ಒಂದು ಗೇಣು ದಪ್ಪ ಕಡ್ಡಿ, ರೆಂಬೆ ಹಾಸಿ. ಕೆಸರನ್ನೂ ಒಣ ಎಲೆಯನ್ನೂ ಚೆನ್ನಾಗಿ ಬೆರೆಸಿ ಮತ್ತೆ ಒಟ್ಟಿ. ದಪ್ಪ ಪದರ ಮಾಡಬೇಡಿ, ಒದ್ದೆ ಎಲೆ ಒಂದಕ್ಕೊಂದು ಅಂಟಿಕೊಂಡು ಗಾಳಿ ತಡೆಯುತ್ತದೆ. ಒಂದು ಬಕೆಟ್ ಸಿಪ್ಪೆಗೆ ಎರಡು-ಮೂರು ಬಕೆಟ್ ಎಲೆ ಇರಲಿ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ: ಒಂದೆರಡು ಹನಿ ಬಂದರೆ ತೇವ ಹದವಾಗಿದೆ, ಅಂದರೆ ಸುಮಾರು 50–60%. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಸೇರಿಸಿ. ಕೈ ಒದ್ದೆಯೇ ಆಗದಿದ್ದರೆ ಮಗುಚುತ್ತಾ ನೀರು ಚಿಮುಕಿಸಿ.

ಉತ್ತರ 2: ಒಂದು ಬಕೆಟ್ ಸಿಪ್ಪೆಗೆ ಎರಡು-ಮೂರು ಬಕೆಟ್ ಎಲೆ ಎಂಬ ಅಳತೆಗೆ ಕಾರಣ ಇದು. ಬ್ಯಾಕ್ಟೀರಿಯಾದ ಮೈಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 8 ಪಾಲು ಇಂಗಾಲ ಇರುತ್ತದೆ. ಆದರೆ ತಿಂದ ಇಂಗಾಲದಲ್ಲಿ ಮೂರನೇ ಎರಡರಷ್ಟು ಉಸಿರಾಟದಲ್ಲೇ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಹಾಗಾಗಿ ಆಹಾರದಲ್ಲಿ ಒಂದು ಪಾಲು ಸಾರಜನಕಕ್ಕೆ 25–30 ಪಾಲು ಇಂಗಾಲ ಬೇಕು. ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕ ಹೆಚ್ಚಾದರೆ ಮಿಕ್ಕಿದ್ದು ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೆ ಖಾರವಾಗಿ ಬಡಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆಗೂ ಇದಕ್ಕೂ ಮದ್ದು ಬೇರೆ: ಅದಕ್ಕೆ ಗಾಳಿ, ಇದಕ್ಕೆ ಒಣ ಎಲೆ.

ಎಲೆಯ ಬದಲು ಮರದ ಪುಡಿ ಬಳಸುವುದಾದರೆ ಎಚ್ಚರ. ಅದರಲ್ಲಿ ಇಂಗಾಲ ಸಾರಜನಕದ ನೂರಾರು ಪಟ್ಟು ಇರುತ್ತದೆ. ಕೊಳೆಯದ ಮರದ ಪುಡಿಯನ್ನು ನೇರವಾಗಿ ಮಣ್ಣಿಗೆ ಬೆರೆಸಲೇಬೇಡಿ. ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಮ್ಮ ಮೈಗೆ ಎಳೆದುಕೊಂಡು, ಗಿಡದ ಎಲೆ ಹಳದಿಯಾಗುತ್ತದೆ.

ಉತ್ತರ 3: ರಾಶಿ ಎಷ್ಟು ದೊಡ್ಡದಿದೆ ಎಂದು ಹೇಳಿಲ್ಲ. ಕಾವು ನಿಲ್ಲಬೇಕಾದರೆ ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಆದರೂ ಬೇಕು. ಅದಕ್ಕಿಂತ ಚಿಕ್ಕದಾದರೂ ಗೊಬ್ಬರವಾಗುತ್ತದೆ, ತಣ್ಣಗೆ, ತಿಂಗಳುಗಟ್ಟಲೆ ಹಿಡಿದು. ಹದ ಸರಿಯಿದ್ದರೆ ಕೆಲವೇ ದಿನಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟಿ, ಶಾಖಪ್ರಿಯ ಬ್ಯಾಕ್ಟೀರಿಯಾ ಕೊಳೆಸುವ ಕೆಲಸ ಮುಂದುವರಿಸುತ್ತವೆ. 55 ದಾಟಿ ಕೆಲವು ದಿನ ನಿಂತರೆ ಬಹುಪಾಲು ಕಳೆ ಬೀಜ, ರೋಗಾಣು ಸಾಯುತ್ತವೆ. ಆದರೆ ಹೊರಮೈಗೆ ಆ ಕಾವು ತಟ್ಟದು, ಅದಕ್ಕೇ ಮಗುಚುವಾಗ ಹೊರಗಿನದು ಒಳಕ್ಕೆ ಹೋಗಬೇಕು. 65 ದಾಟಿದರೆ ಮಗುಚಿ ತಣಿಸಿ, ಇಲ್ಲವಾದರೆ ಕೆಲಸದ ಜೀವಿಗಳೇ ಸಾಯುತ್ತವೆ. ಥರ್ಮಾಮೀಟರನ್ನು ರಾಶಿಯ ನಡುವಿಗೇ ಚುಚ್ಚಿ ನೋಡಬೇಕು.

ಉತ್ತರ 4: ಕಾವು ಇಳಿದ ಮೇಲೆ ಬೂದಿ ಎರಚಿದಂತೆ ಬಿಳಿ ಎಳೆಗಳು ಕಂಡರೆ ಗಾಬರಿಯಾಗಬೇಡಿ, ಅದು ಆಕ್ಟಿನೊಮೈಸೀಟ್, ಎಳೆಯಾಗಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ. ಹೊಸ ಮಣ್ಣಿನ ವಾಸನೆ ಬರುವುದು ಬಹುಮಟ್ಟಿಗೆ ಅದರಿಂದಲೇ. ಕಡ್ಡಿಯನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುವುದು ಮುಖ್ಯವಾಗಿ ಶಿಲೀಂಧ್ರ, ಅದಕ್ಕೆ ಸಮಯ ಬೇಕು. ಆ ಹಂತದಲ್ಲಿ ಪದೇಪದೇ ಮಗುಚಿದರೆ ಅದರ ಎಳೆಗಳು ತುಂಡಾಗುತ್ತವೆ. ಒಂದೆರಡು ತಿಂಗಳು ತೇವ ಆರದಂತೆ ನೋಡಿಕೊಂಡು ಹಾಗೇ ಬಿಡಿ. ಬಳಸುವ ಮುನ್ನ ಒಂದು ಹಿಡಿ ಒದ್ದೆ ಗೊಬ್ಬರವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ನಾತ ಬಂದರೆ ಇನ್ನೂ ಮಾಗಿಲ್ಲ. ಉಳಿದ ಕಡ್ಡಿಯನ್ನು ಜರಡಿ ಹಿಡಿದು ಮುಂದಿನ ರಾಶಿಗೆ ಹಾಕಿ.