ತೆಂಗಿನಕಾಯಿ ತುರಿಯುವ ಅಪ್ಪ

ತಮ್ಮ (ಬೆಂಗಳೂರು): ನಮ್ಮ ಮನೆಯವರ ಗುಂಪಿಗೆ ನಾನು ಈಗ ಕಳಿಸಿದ ಚಿತ್ರ ಕೇರಳದ ಮೂರನೆಯ ತರಗತಿಯ ಪಠ್ಯಪುಸ್ತಕದ್ದು. 2024ರಲ್ಲಿ ಪರಿಷ್ಕರಿಸಿದ ಈ ಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾನೆ. ನಮ್ಮ ಮಕ್ಕಳ ಪುಸ್ತಕಗಳಲ್ಲಿಯೂ ಇಂಥ ಚಿತ್ರ ಬರಬೇಕು.

ಕಾಕಾ (ಧಾರವಾಡ): ಚಿತ್ರಕ್ಕೆ ನನ್ನ ತಕರಾರಿಲ್ಲ. ಆದರೆ ಮೂವತ್ತೆರಡು ವರ್ಷ ಶಾಲೆಯಲ್ಲಿ ಕಲಿಸಿದವನಾಗಿ ಹೇಳುತ್ತೇನೆ, ಗಂಟೆ ಬಾರಿಸಿದೊಡನೆ ಗಂಡುಮಕ್ಕಳು ಬಯಲಿಗೆ ಓಡುತ್ತಾರೆ, ಹೆಣ್ಣುಮಕ್ಕಳು ನೆರಳಿನಲ್ಲಿ ಕುಳಿತು ಆಡುತ್ತಾರೆ. ಇದನ್ನು ನಾನಾಗಲಿ ಸರಕಾರವಾಗಲಿ ಕಲಿಸಿದ್ದಲ್ಲ. ತಾಳ್ಮೆ, ಜತನ, ಮೃದುತ್ವ ಹೆಣ್ಣಿನ ಸ್ವಭಾವದಲ್ಲಿಯೇ ಇವೆ, ಮನೆ ನಿಂತಿರುವುದೇ ಅದರ ಮೇಲೆ. ನಿಮ್ಮ ಅಜ್ಜಿಯನ್ನು ಯಾರೂ ಒಲೆಯ ಮುಂದೆ ದೂಡಿ ಕೂಡಿಸಿರಲಿಲ್ಲ.

ನಾನು (ಹುಬ್ಬಳ್ಳಿ): ಕಾಕಾ, ಅಜ್ಜಿಯನ್ನು ಯಾರೂ ದೂಡಲಿಲ್ಲ ನಿಜ, ಆದರೆ ಒಲೆಯ ಮುಂದಿನಿಂದ ಎದ್ದು ಹೋಗಬಹುದಾದ ಇನ್ನೊಂದು ಜಾಗವನ್ನೂ ಯಾರೂ ತೋರಿಸಲಿಲ್ಲ. ನಾಲ್ಕನೆಯ ತರಗತಿಯಲ್ಲಿ ನಾನೂ ಬಯಲಿಗೆ ಓಡುತ್ತಿದ್ದೆ. ‘ಗಂಡುಬೀರಿ’ ಎಂದು ಓಣಿಯವರು ಕರೆಯತೊಡಗಿದ ಮೇಲೆ ನೆರಳಿಗೆ ಬಂದೆ. ತಮ್ಮ ಬಿದ್ದು ಮೊಣಕಾಲು ಕೆತ್ತಿಕೊಂಡಾಗ ‘ಹುಡುಗ್ಯಾರಂಗ ಅಳಬ್ಯಾಡೋ’ ಎಂದು ಗದರಿದವರು ನೀವೇ, ಅದೂ ಪ್ರೀತಿಯಿಂದಲೇ.

ನೀವು ಪ್ರತಿವರ್ಷ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನ ಕುಂದಗೋಳದ ಸಂಗೀತೋತ್ಸವಕ್ಕೆ ತಪ್ಪದೆ ಹೋಗುವವರು. ಆ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನೂ ಮಾಡಿ ಹೆಸರು ಗಳಿಸಿದವರಲ್ಲವೇ? ಸೆರಗು ಹೊದೆಯುವ ಬಗೆ, ನಡಿಗೆ, ನಾಚಿಕೆ ಇವೆಲ್ಲವನ್ನು ಒಬ್ಬ ಗಂಡಸು ಅಭ್ಯಾಸದಿಂದ ಕಲಿತು ಪ್ರೇಕ್ಷಕರನ್ನು ಒಪ್ಪಿಸಬಲ್ಲನಾದರೆ, ಅವು ಕಲಿಕೆಯಿಂದ ಬರುವಂಥವೇ ಆದವು. ನಟ ನಾಟಕ ಮುಗಿದ ಮೇಲೆ ಸೀರೆ ಬಿಚ್ಚಿಡುತ್ತಾನೆ; ನಮಗೆ ಅದೇ ಪಾಠವನ್ನು ಐದನೆಯ ವರ್ಷದಿಂದ ಮಾಡಿಸಿ, ಬಂದ ಮೇಲೆ ಹುಟ್ಟುಗುಣ ಎನ್ನುತ್ತಾರೆ. ಸವಾಯಿ ಗಂಧರ್ವರ ಶಿಷ್ಯೆ, ಗಾಯಕಿ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡುಸಾಯಿತು. ಹೆಣ್ಣಿನ ದನಿ ಕೋಮಲವಾಗಿಯೇ ಇರಬೇಕೆಂಬ ಅಳತೆಗೋಲನ್ನು ಅವರು ಒಪ್ಪಿ ಹಾಡುವುದನ್ನು ನಿಲ್ಲಿಸಿದ್ದರೆ, 2002ರ ಪದ್ಮವಿಭೂಷಣ ಹಾಗಿರಲಿ, ನೀವು ಇಂದಿಗೂ ಕಣ್ಣುಮುಚ್ಚಿ ಕೇಳುವ ಆ ಗಾಯನವೇ ನಮಗೆ ಸಿಗುತ್ತಿರಲಿಲ್ಲ.

ಕಾಕಾ (ಧಾರವಾಡ): ಕಲಾವಿದರ ಮಾತು ಬೇರೆ. ಮನೆಯ ಕೆಲಸದ ಹಂಚಿಕೆ ಅನುಕೂಲಕ್ಕೆ ಆದದ್ದು: ಗಂಡಸು ಹೊರಗೆ ದುಡಿಯುತ್ತಾನೆ, ಹೆಣ್ಣು ಒಳಗೆ ದುಡಿಯುತ್ತಾಳೆ. ಇದರಲ್ಲಿ ಮೇಲು ಕೀಳು ಎಲ್ಲಿದೆ?

ನಾನು (ಹುಬ್ಬಳ್ಳಿ): ಒಳಗೆ ಮಾತ್ರ ದುಡಿಯುವ ಹೆಣ್ಣುಮಕ್ಕಳು ನಮ್ಮ ಮನೆತನದಲ್ಲಿಯೇ ಎಷ್ಟು ಜನ ಇದ್ದಾರೆ? 2019ರ ಕೇಂದ್ರ ಸರಕಾರದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮದುವೆಯ ಸಾವಿರ ಎಲೆಗೆ ಅಡುಗೆ ಮಾಡುವವರು ಬಹುತೇಕ ಗಂಡಸರೇ. ಅಲ್ಲಿ ಹಣ ಇರುವುದರಿಂದ ಸೌಟು ಹಿಡಿದ ಕೈ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ.

ಅತ್ತೆ (ರಾಣೆಬೆನ್ನೂರು): ನಾನು ಹೇಳಿದ್ದನ್ನು ಮೊಮ್ಮಗಳು ಬರೆಯುತ್ತಿದ್ದಾಳೆ. ಅಣ್ಣಾ, ನೀನು ಸ್ವಭಾವ ಎಂದೆಯಲ್ಲ, ಆ ಮಾತಿಗೆ ಉತ್ತರ ಕೊಡುತ್ತೇನೆ. 1972ರಲ್ಲಿ ನಿಮ್ಮ ಧಾರವಾಡದಲ್ಲಿಯೇ ವರಲಕ್ಷ್ಮಿ ಹತ್ತಿಯ ತಳಿ ಸಿದ್ಧವಾಯಿತು. ಅಂಥ ಹೈಬ್ರಿಡ್ ಹತ್ತಿಯ ಬೀಜದ ಪ್ಲಾಟುಗಳಲ್ಲಿ ನಾನು ಹನ್ನೆರಡು ವರ್ಷ ಕ್ರಾಸಿಂಗ್ ಕೆಲಸ, ಅಂದರೆ ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಸೇರಿಸುವ ಕೆಲಸ ಮಾಡಿದ್ದೇನೆ. ಸಂಜೆ, ಮರುದಿನ ಅರಳಬೇಕಾದ ಮೊಗ್ಗನ್ನು ಬೀಜ ಕಟ್ಟುವ ಹೆಣ್ಣು ಸಾಲಿನಲ್ಲಿ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಸುತ್ತಲೂ ಸೀಳಿ, ನಡುವಿನ ಎಳೆ ಮುರಿಯದಂತೆ ದಳವನ್ನೂ ಪರಾಗದ ಕೋಶಗಳನ್ನೂ ಒಟ್ಟಿಗೆ ಎಳೆದು ತೆಗೆಯಬೇಕು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಆ ಎಳೆಯ ತುದಿಗೆ ಸವರಬೇಕು. ಹಂಗಾಮು ಮುಗಿಯುವ ತನಕ ಉಗುರಿನ ಸಂದಿನಲ್ಲಿ ಕಪ್ಪು ಹೋಗುತ್ತಿರಲಿಲ್ಲ, ರೊಟ್ಟಿ ಬಡಿಯುವಾಗ ಬೆರಳು ಉರಿಯುತ್ತಿತ್ತು.

ಹೆಂಗಸರ ಬೆರಳು ಮೆತ್ತಗಿರುತ್ತವೆ, ತಾಳ್ಮೆ ಅವರಿಗೆ ಹುಟ್ಟಿನಿಂದ ಬಂದದ್ದು ಎಂದು ಮೇಸ್ತ್ರಿ ನಮ್ಮನ್ನು ಬಹಳ ಹೊಗಳುತ್ತಿದ್ದ. ಆದರೆ ಶನಿವಾರ ಕೂಲಿ ಕೊಡುವಾಗ ಔಷಧಿ ಹೊಡೆಯುವ ಗಂಡಾಳಿಗಿಂತ ಕಡಿಮೆ ಎಣಿಸುತ್ತಿದ್ದ. ಹುಟ್ಟಿನಿಂದ ಬಂದದ್ದಾದರೆ ಅದು ಕಲಿತ ಕಸುಬಲ್ಲ, ಕಸುಬಲ್ಲದ್ದಕ್ಕೆ ಕಸುಬಿನ ಕೂಲಿ ಏಕೆ ಎಂಬುದು ಅವನ ಲೆಕ್ಕ. ಮುಂದೆ ನಮ್ಮ ಹೊಲದಲ್ಲಿಯೇ ಬೀಜದ ಪ್ಲಾಟು ಮಾಡಿದಾಗ ನನ್ನ ಇಬ್ಬರು ಗಂಡುಮಕ್ಕಳು ಶಾಲೆಗೆ ಹೋಗುವ ಮೊದಲು ಇದೇ ಕೆಲಸ ಮಾಡಿದರು, ಮತ್ತು ನಾಲ್ಕು ದಿನದಲ್ಲಿ ಅವರ ಬೆರಳುಗಳಿಗೂ ಅದು ಬಂತು. ಪುಸ್ತಕದಲ್ಲಿ ‘ರೈತ’ ಎಂದು ರುಮಾಲು ಸುತ್ತಿದವನ ಚಿತ್ರವಿರುತ್ತದೆ. ಹನ್ನೆರಡು ವರ್ಷ ಬೀಜ ಮಾಡಿದ ನನ್ನನ್ನು ಯಾರೂ ಆ ಹೆಸರಿನಿಂದ ಕರೆದಿಲ್ಲ.

ಕಾಕಾ (ಧಾರವಾಡ): ತಂಗಿ, ಕೂಲಿಯ ವಿಷಯ ನೀನು ಎಂದೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸ್ವಭಾವವೆಂಬುದೇ ಇಲ್ಲ ಎನ್ನುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಆ ಮಾತನ್ನು ಹೀಗೆ ಬಳಸಿದ್ದು ಅನ್ಯಾಯವೇ.

ತಮ್ಮ (ಬೆಂಗಳೂರು): ಅತ್ತೆ, ಆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಈಗ ಯಾರ ಹೆಸರಿದೆ?

ಅತ್ತೆ (ರಾಣೆಬೆನ್ನೂರು): ನಿಮ್ಮ ಮಾವನವರು ತೀರಿಕೊಂಡು ಏಳು ವರ್ಷವಾದರೂ ಅವರ ಹೆಸರೇ ಇದೆ. ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ವಾರಸಾ ಅರ್ಜಿಯ ಮಾತು ಬಂದಾಗ ಹುಡುಗರ ಹೆಸರು ಹಚ್ಚಿದರೆ ಸಾಕು, ನಿನ್ನದೇಕೆ ಎಂದರು. ನಾನೂ ಸುಮ್ಮನಾದೆ.

ಕಾಕಾ (ಧಾರವಾಡ): ಸೋಮವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಉತಾರ, ಮರಣ ಪ್ರಮಾಣಪತ್ರ, ವಂಶಾವಳಿ ಮೂರನ್ನೂ ತೆಗೆದಿಡು.